ಹಿತ್ತಾಳೆಯಲ್ಲ, ಕತ್ತಾಳೆ

ನಾನು 34 ವರ್ಷ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಸಾಲಾಗಿ ನಿಂತ ಮಕ್ಕಳ ಉಗುರು, ಕಿವಿಯ ಹಿಂದು, ಕಾಲರಿನ ಒಳಮಡಿಕೆ ನೋಡಿಕೊಂಡು ಹೋಗುತ್ತಿದ್ದೆ. ಯಾರೂ ಒಪ್ಪಿಸಿದ ಕೆಲಸವಲ್ಲ, ನಾನಾಗಿ ಮೈಮೇಲೆ ಎಳೆದುಕೊಂಡದ್ದು. ಹುಡುಗರು ಬೆನ್ನ ಹಿಂದೆ ನನ್ನನ್ನು ‘ಉಗುರು ಮೇಷ್ಟ್ರು’ ಅನ್ನುತ್ತಿದ್ದರು. ಅದು ನನಗೂ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ನಿವೃತ್ತಿಯಾದ ಮೇಲೆ ನೋಡಲು ಉಗುರಿಲ್ಲ, ಗದರಲು ಹುಡುಗರಿಲ್ಲ, ಕೈ ಮಾತ್ರ ಸುಮ್ಮನಿರಲಿಲ್ಲ. ಆ ಕೈಗೆ ಸಿಕ್ಕಿದ್ದು ಮಗಳು ಬಿಟ್ಟುಹೋದ ಮೂರು ಕುಂಡ.

ಅವುಗಳಲ್ಲಿದ್ದ ಗಿಡವನ್ನು ಅವಳು ಅಗೇವ್ ಅನ್ನುತ್ತಾಳೆ. ನಮಗದು ಕತ್ತಾಳೆ. ಕೆಲವು ಕಡೆ ಭೂತಾಳೆ, ಆನೆ ಕತ್ತಾಳೆ ಅಂತಲೂ ಕರೆಯುತ್ತಾರೆ. ಹೊಲದ ಬದುವಿನಲ್ಲಿ, ರೈಲು ಹಳಿಯ ಪಕ್ಕದ ಬೇಲಿಯಲ್ಲಿ, ಯಾರೂ ನೀರು ಹಾಕದೆ, ಯಾರೂ ತಿರುಗಿ ನೋಡದೆ ಬೆಳೆದಿರುವ ಗಿಡ. ಅಂಥದ್ದನ್ನು ಲಾಲ್‌ಬಾಗಿನ ಜನವರಿ ಫಲಪುಷ್ಪ ಪ್ರದರ್ಶನದಲ್ಲಿ ದುಡ್ಡು ಕೊಟ್ಟು, ಕುಂಡದ ಸಮೇತ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತುಮಕೂರಿಗೆ ತಂದಳಲ್ಲ ಎಂದು ನಾನು ನಕ್ಕಿದ್ದೆ. “ಬದೂನಲ್ಲಿ ಬೇಕಾದಷ್ಟಿದೆ, ಒಂದು ಗಾಡಿ ತರಿಸಿಕೊಡ್ತಿದ್ದೆ” ಅಂದದ್ದಕ್ಕೆ ಅವಳು, “ಅಪ್ಪ, ಲಿನೇಯಸ್ 1753ರಲ್ಲಿ ಇದಕ್ಕೆ ಹೆಸರಿಟ್ಟಾಗ ಗ್ರೀಕ್ ಭಾಷೆಯಿಂದ ‘ಘನವಂತ’ ಅನ್ನೋ ಅರ್ಥದ ಪದ ತಗೊಂಡಿದ್ದ. ನೀನು ಗಾಡಿ ಲೆಕ್ಕದಲ್ಲಿ ಮಾತಾಡ್ತೀಯ” ಅಂದಳು. ಓದಿಸಿದ್ದರ ಫಲ.

ಮೂರೂ ಬೇರೆ ಬೇರೆ ಜಾತಿ. ಒಂದಕ್ಕೆ ಮುಳ್ಳೇ ಇಲ್ಲ. ಅಗಲವಾದ, ಮೆತ್ತನೆಯ, ಹಾಲು ಬೆರೆಸಿದಂಥ ತಿಳಿಹಸಿರಿನ ಎಲೆ. ಅದರ ಹೂಗೊಂಚಲು ನರಿಯ ಬಾಲದ ಹಾಗೆ ಬಾಗಿ ಇಳಿಯುತ್ತದಂತೆ. ಇನ್ನೊಂದು ನಮ್ಮ ಬದುವಿನ ಕತ್ತಾಳೆಯದೇ ಬಳಗ, ಆದರೆ ಎಲೆಯ ಎರಡೂ ಅಂಚಿಗೆ ಹಳದಿ ಪಟ್ಟಿ, ಜರಿ ಅಂಚಿನ ಪಂಚೆಯಂತೆ. ಮೂರನೆಯದು ಚಿಕ್ಕದು, ಅಂಗೈ ಅಗಲ. ಹೆಸರು ಪ್ಯಾರಿ. ಉತ್ತರ ಮೆಕ್ಸಿಕೊ ಮತ್ತು ಅದರಾಚೆಯ ಅರಿಜೋನಾದ ಬೆಟ್ಟಗಾಡಿನದು. ಎಲೆಕೋಸಿಗೆ ಮುಳ್ಳು ಮೂಡಿದಂತಿತ್ತು. ಬಣ್ಣ ಮಾತ್ರ ಹಸಿರೂ ಅಲ್ಲ, ನೀಲಿಯೂ ಅಲ್ಲ, ಬೂದಿ ಎರಚಿದ ನೀಲಿ.

ಪುಣೆಯಲ್ಲಿ ಕೆಲಸ ಸಿಕ್ಕಿ ಹೊರಟಾಗ ಮಗಳು ಗೇಟಿನ ಹತ್ತಿರ ನಿಂತು ಹೇಳಿದಳು: “ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಹಾಕು. ಹದಿನೈದು ದಿನಕ್ಕೊಂದ್ಸಲ ಸಾಕು. ಬೇರೆ ಏನೂ ಮಾಡಕ್ಕೆ ಹೋಗ್ಬೇಡ.” ಕೊನೆಯ ಮಾತನ್ನು ಎರಡು ಸಲ ಹೇಳಿದಳು. ಅಪ್ಪನ ಕೈ ಅವಳಿಗೆ ಗೊತ್ತು.

ನಮ್ಮ ಬೀದಿಯನ್ನು ಆ ವರ್ಷ ಮೂರು ಸಲ ಅಗೆದರು. ಒಮ್ಮೆ ಕುಡಿಯುವ ನೀರಿಗೆ, ಒಮ್ಮೆ ಒಳಚರಂಡಿಗೆ, ಇನ್ನೊಮ್ಮೆ ಮೊದಲೆರಡು ಸಲ ಮುಚ್ಚಿದ್ದು ಸರಿಯಿಲ್ಲವೆಂದು. ಬೆಳಿಗ್ಗೆ ಒರೆಸಿದ ಕಿಟಕಿಯ ಸರಳಿನ ಮೇಲೆ ಸಂಜೆಗೆ ಹೆಸರು ಬರೆಯಬಹುದಿತ್ತು. ಕುಂಡಗಳು ಕಾಂಪೌಂಡಿನ ಕಟ್ಟೆಯ ಮೇಲೆ. ಫೆಬ್ರವರಿಯ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತವನ ಕಣ್ಣಿಗೆ ಪ್ಯಾರಿಯ ಎಲೆಗಳು ಬೂದು ಬೂದಾಗಿ ಕಂಡವು. ಹಳೆಯ ಬನಿಯನ್ ತುಂಡೊಂದನ್ನು ಒದ್ದೆ ಮಾಡಿಕೊಂಡು ಬಂದೆ.

ಆ ಮೊದಲ ಎಲೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬುಡದಲ್ಲಿ ಹೆಬ್ಬೆಟ್ಟಿಟ್ಟು ತುದಿಯ ಕಡೆಗೆ ಒಂದೇ ಎಳೆತ. ಬಟ್ಟೆ ಹೋದಲ್ಲೆಲ್ಲ ಬೂದುನೀಲಿ ಹೋಗಿ ಕಡುಹಸಿರು ಹೊಳೆಯಿತು, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ. ಬಟ್ಟೆ ತಿರುಗಿಸಿ ನೋಡಿದರೆ ಕೆಂಪು ಧೂಳಿನ ಜೊತೆಗೆ ಬೆಳ್ಳಗೆ, ನುಣ್ಣಗೆ, ಬೆರಳಿಗೆ ಜಿಡ್ಡು ಜಿಡ್ಡಾಗಿ ಹತ್ತುವ ಏನೋ ಒಂದು. “ಎಷ್ಟು ಕೊಳೆ ನೋಡೇ ಇಲ್ಲಿ” ಎಂದು ಹೆಂಡತಿಗೆ ಬಟ್ಟೆ ಎತ್ತಿ ತೋರಿಸಿದೆ. ಸೋಮವಾರದ ಸಾಲಿನಲ್ಲಿ ಉಗುರಿನಡಿ ಕಪ್ಪು ಕಂಡಾಗ ಬರುತ್ತಿದ್ದ ಅದೇ ಗೆದ್ದ ಭಾವ. ಹದಿನಾರು ಎಲೆ, ಮೇಲೂ ಕೆಳಗೂ, ಮುಕ್ಕಾಲು ಗಂಟೆ. ಮುಳ್ಳು ಚುಚ್ಚಿ ಎರಡು ಬೆರಳಲ್ಲಿ ರಕ್ತ ಬಂತು. ಬಿಡಲಿಲ್ಲ.

ಎಲೆಯ ಬೆನ್ನಿನಲ್ಲಿ ಇನ್ನೊಂದು ಸೋಜಿಗ ಕಾಣಿಸಿತು. ಗರಗಸದ ಹಲ್ಲಿನಂಥ ಮಸುಕು ಗೆರೆ, ಯಾರೋ ಅಚ್ಚೊತ್ತಿದ ಹಾಗೆ ಅಂಚಿಗೆ ಸಮನಾಗಿ ಮೇಲಿಂದ ಕೆಳಗೆ ಇಳಿದಿತ್ತು. ಒಂದರಲ್ಲಿ ಅಲ್ಲ, ಎಲ್ಲದರಲ್ಲೂ. ರೋಗವೋ ಕಲೆಯೋ ಎಂದು ಪಾತ್ರೆ ತಿಕ್ಕುವ ಸೋಪು ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದೆ. ಪೂರ್ತಿ ಹೋಗಲಿಲ್ಲ, ಅರ್ಧ ಹೋಯಿತು. ಅರ್ಧವಾದರೂ ಹೋಯಿತಲ್ಲ ಎಂದು ಸಮಾಧಾನಪಟ್ಟೆ.

ಒಂದು ವಾರಕ್ಕೆ ಮತ್ತೆ ಧೂಳು. ಈ ಸಲ ಮೊದಲಿಗಿಂತ ಗಟ್ಟಿಯಾಗಿ ಕೂತಿತ್ತು. ಮತ್ತೆ ಒರೆಸಿದೆ. ಬೋರ್‌ವೆಲ್ ನೀರು ಆರಿದಲ್ಲೆಲ್ಲ ಸುಣ್ಣದ ಬೊಟ್ಟು ಇಟ್ಟಂತೆ ಬಿಳಿಯ ಉಂಗುರ ಬಿದ್ದವು. ಅವು ಒರೆಸಿದರೆ ಹೋಗುವಂಥವಲ್ಲ. ದೇವರ ಮನೆಯ ದೀಪ ಬೆಳಗಲು ಹೆಂಡತಿ ನೆನೆಹಾಕಿದ್ದ ಹುಣಸೆಹಣ್ಣಿನಲ್ಲಿ ಒಂದು ಹಿಡಿ ಎತ್ತಿಕೊಂಡು ಬಂದೆ. ಅವಳು ಬಾಗಿಲಲ್ಲಿ ನಿಂತು ನೋಡಿದಳು. “ರೀ, ಅದು ಹಿತ್ತಾಳೆ ಅಲ್ಲ, ಕತ್ತಾಳೆ” ಅಂದಳು. ನಗೆಚಾಟಿಕೆ ಅಂದುಕೊಂಡು ನಾನೂ ನಕ್ಕೆ. ಆ ವರ್ಷ ಆ ಗಿಡದ ವಿಚಾರದಲ್ಲಿ ನಮ್ಮ ಮನೆಯಲ್ಲಿ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಮುಂದಿನದನ್ನು ಹೇಳಲು ಇನ್ನಷ್ಟು ನಾಚಿಕೆ. ಮುಳ್ಳಿಲ್ಲದ ಕತ್ತಾಳೆಯ ಎಲೆ ಒರೆಸಿದ ಮೇಲೂ ಅಷ್ಟೊಂದು ಹೊಳೆಯಲಿಲ್ಲ. ಕೊಬ್ಬರಿ ಎಣ್ಣೆ ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ಒಂದೊಂದೇ ಎಲೆಗೆ ಸವರಿದೆ. ಹೊಳೆಯಿತು, ಬಾಳೆಎಲೆಯನ್ನು ಕೆಂಡದ ಮೇಲೆ ಬಾಡಿಸಿದಾಗ ಹೊಳೆಯುವ ಹಾಗೆ. ಆ ಹೋಲಿಕೆ ಆಗ ನನಗೇ ಎಚ್ಚರಿಕೆ ಕೊಡಬೇಕಿತ್ತು. ಎಣ್ಣೆ ಕುಡಿಯಲಿ, ಸ್ವಲ್ಪ ಬಿಸಿಲು ಕಾಯಲಿ ಎಂದು ಕುಂಡವನ್ನು ಮಾರ್ಚ್ ತಿಂಗಳಲ್ಲಿ ತಾರಸಿಗೆ ಹೊತ್ತೆ. ಕಟ್ಟೆಯ ಮೇಲೆ ಮಾವಿನ ಮರದ ನೆರಳಲ್ಲಿ ಇದ್ದ ಗಿಡ ಅದು. ಮೂರನೇ ದಿನ ನೋಡಿದರೆ ಪಡುವಣ ದಿಕ್ಕಿಗೆ ಮುಖ ಮಾಡಿದ ಎಲೆಗಳಲ್ಲೆಲ್ಲ ಅಂಗೈಯಗಲ ಬಿಳಿಚಿಕೊಂಡಿತ್ತು. ಇನ್ನೊಂದು ವಾರಕ್ಕೆ ಆ ಜಾಗ ಹಪ್ಪಳದಂತೆ ಒಣಗಿ, ಬೆರಳಿಟ್ಟರೆ ಗರಗರ ಅನ್ನುತ್ತಿತ್ತು.

ಹಳದಿ ಅಂಚಿನದ್ದರ ಕಥೆ ಮಳೆಗಾಲದ್ದು. ಧೂಳು ಒರೆಸಿ ಸಾಕಾಗಿ ಅದಕ್ಕೆ ಶನಿವಾರ ಶನಿವಾರ ಒಂದು ಬಿಂದಿಗೆ ನೀರಿನ ಅಭಿಷೇಕ ಶುರು ಮಾಡಿದ್ದೆ, ನೇರ ನೆತ್ತಿಯ ಮೇಲೆ. ಜುಲೈಯ ಜಿನುಗು ಮಳೆ ಬೇರೆ. ಎಲೆಗಳು ಒಂದನ್ನೊಂದು ತಬ್ಬಿಕೊಂಡ ನಡುವಿನ ಬಟ್ಟಲಲ್ಲಿ ನೀರು ನಿಂತೇ ಇತ್ತು, ಕುಂಡದಡಿಯ ತಟ್ಟೆಯಲ್ಲೂ ನಿಂತಿತ್ತು. ಒಂದು ದಿನ ನಡುವಿನ ಸುಳಿ ಓರೆಯಾಗಿ ಕಂಡಿತು. ನೆಟ್ಟಗೆ ಮಾಡೋಣವೆಂದು ಹಿಡಿದರೆ ಸದ್ದಿಲ್ಲದೆ ಕೈಗೇ ಬಂತು. ಬುಡ ಕಂದು ಬಣ್ಣದ ಲೋಳೆ. ಮೂಗಿಗೆ ಹೊಡೆದ ವಾಸನೆ ನನಗೆ ತೀರಾ ಪರಿಚಿತ.

ಶಿರಾ ಕಡೆಯ ನಮ್ಮೂರಿನ ಕೆರೆಯಂಗಳದ ವಾಸನೆ ಅದು. ಅಪ್ಪ ಬದುವಿನ ಕತ್ತಾಳೆ ಎಲೆ ಕುಯ್ದು, ಅಂಚಿನ ಮುಳ್ಳು ಸವರಿ, ಸೀಳಿ, ಹೊರೆ ಕಟ್ಟಿ ಕೆರೆಯ ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುತ್ತಿದ್ದ. ಎರಡು ವಾರ ಕಳೆದು ಹೊರೆ ಎತ್ತಿದಾಗ ಊರಿಗೆ ಊರೇ ಮೂಗು ಮುಚ್ಚಿಕೊಳ್ಳುತ್ತಿತ್ತು. ಅಕ್ಕ ಕಲ್ಲಿನ ಮೇಲೆ ಕೊಡತಿಯಿಂದ ಬಡಿದು ಬಡಿದು ತೊಳೆದರೆ ಕೊಳೆತ ತಿರುಳೆಲ್ಲ ಹೋಗಿ ಬೆಳ್ಳಿಯಂಥ ನಾರು ಉಳಿಯುತ್ತಿತ್ತು. ಅದನ್ನೇ ಹೊಸೆದು ಹುರಿ, ಕಣ್ಣಿ, ಬಾವಿಯ ಹಗ್ಗ. ನಮ್ಮ ಎತ್ತುಗಳ ಮೂಗುದಾರ ಕೊಂಡು ತಂದದ್ದನ್ನು ನಾನು ನೋಡಿದವನಲ್ಲ. ಅಪ್ಪ ಕೆರೆಯಲ್ಲಿ ಬೇಕೆಂದು ಕೊಳೆಸುತ್ತಿದ್ದುದನ್ನು ನಾನು ಕುಂಡದಲ್ಲಿ ಬೇಡವೆಂದರೂ ಕೊಳೆಸಿದ್ದೆ. ಅವನಿಗೆ ನಾರಾದರೂ ಸಿಗುತ್ತಿತ್ತು.

ಉಳಿದ ಗಿಡವನ್ನಾದರೂ ಉಳಿಸಿಕೊಳ್ಳೋಣವೆಂದು ಮಚ್ಚು ತಂದು ಕೊಳೆತ ಎಲೆಗಳನ್ನೂ, ಅವುಗಳ ಜೊತೆಗೆ ನೋಡಲು ಚೆನ್ನಾಗಿಲ್ಲದ ನಾಲ್ಕೈದು ಒಳ್ಳೆಯ ಎಲೆಗಳನ್ನೂ ಕಡಿದೆ. ಅರ್ಧ ತೋಳಿನ ಅಂಗಿ. ರಸ ಮೊಣಕೈವರೆಗೆ ಹರಿಯಿತು. ಒರೆಸಿಕೊಂಡೆ, ಅದೇ ಕೈಯಲ್ಲಿ ಕತ್ತು ತುರಿಸಿಕೊಂಡೆ. ಅರ್ಧ ಗಂಟೆಯೊಳಗೆ ಸಾವಿರ ಸೂಜಿ ಚುಚ್ಚಿದ ಹಾಗೆ ಉರಿ. ಅದು ಬರೀ ಮಾತಿನ ಸೂಜಿಯೂ ಅಲ್ಲ. ಕತ್ತಾಳೆಯ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಾಕಾರದ ಹರಳುಗಳು ನಿಜವಾಗಿಯೂ ಇರುತ್ತವೆ. ಮೆಕ್ಸಿಕೊದಲ್ಲಿ ಟೆಕಿಲಾ ಮದ್ಯಕ್ಕಾಗಿ ನೀಲಿ ಕತ್ತಾಳೆ ಕಡಿಯುವ ಕೂಲಿಗಳ ಕೈಗೂ ಇದೇ ಗತಿ. ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟರು. ಗಿಡ ಉಳಿಯಲಿಲ್ಲ. ಕೆಂಪು ಗಂಧೆಗಳು ಇಳಿದರೂ ಕೈ ಒಂದೂವರೆ ತಿಂಗಳು ಕಪ್ಪಾಗಿತ್ತು.

ಆ ಕೈಯಲ್ಲೇ ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋದೆ. ಅಕ್ಕ ಎಡೆ ಇಡುತ್ತಿದ್ದವಳು ಕೈ ನೋಡಿ ನಿಂತಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಎಪ್ಪತ್ತೈದು ದಾಟಿದವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದು ನಿಲ್ಲಲೇ ಇಲ್ಲ.

“ಕತ್ತಾಳೆಗೆ ಸೋಪಾಕಿ ಸ್ನಾನ ಮಾಡುಸ್ದೇನೋ ಮೇಷ್ಟ್ರೇ?”

“ಧೂಳು ಕೂತಿತ್ತು ಕಣಕ್ಕ.”

“ಬದಾಗಿರೋ ಕತ್ತಾಳೆಗೆ ಯಾವನು ಒರೆಸ್ತಾನೆ? ಮಳೆ ಹುಯ್ದ್ರೆ ಹೋಯ್ತದೆ. ಅಪ್ಪ ಹರಳೆಣ್ಣೆ ಸವರ್ಕಳ್ದೆ ಎಂದಾರ ಕತ್ತಾಳೆ ಮುಟ್ಟಿದ್ದುಂಟಾ? ನೀನೇ ಎಣ್ಣೆ ಬಟ್ಲು ಹಿಡ್ಕಂಡು ಹಿಂದೆ ಹೋಗ್ತಿದ್ದೆ, ಮರ್ತೋಯ್ತಾ?”

ಮರೆತಿತ್ತು. ಬಟ್ಟಲು ಹಿಡಿದು ಹಿಂದೆ ಹೋಗುತ್ತಿದ್ದವನು ನಾನೇ. ಎಣ್ಣೆ ಹಚ್ಚಬೇಕಾದದ್ದು ಕೈಗೆ. ನಾನು ಹಚ್ಚಿದ್ದು ಎಲೆಗೆ.

ಸಂಜೆ ಒಬ್ಬನೇ ಬದುವಿನ ಕಡೆ ಹೋದೆ. ಚಿಕ್ಕಂದಿನಲ್ಲಿ ನಾನು ಎಲೆಯ ಮೇಲೆ ಹೆಸರು ಬರೆದಿದ್ದ ಗಿಡ ಇರಲಿಲ್ಲ. ಅದು ಯಾವಾಗಲೋ ಹೂವಿನ ಕಂಬ ಎತ್ತಿ ಸತ್ತಿದೆ. ಕತ್ತಾಳೆ ಹೂ ಬಿಡುವುದು ಬಾಳಿನಲ್ಲಿ ಒಂದೇ ಸಲ. ನೂರು ವರ್ಷಕ್ಕೆ ಅನ್ನುವುದು ಸುಳ್ಳು, ಹತ್ತರಿಂದ ಮೂವತ್ತು ವರ್ಷ ಸಾಕು. ಅಷ್ಟೂ ಕಾಲ ಎಲೆಗಳಲ್ಲಿ ಕೂಡಿಟ್ಟದ್ದನ್ನೆಲ್ಲ ಆ ಒಂದು ಕಂಬಕ್ಕೆ ಸುರಿದು ಗಿಡ ಒಣಗುತ್ತದೆ. ಬುಡದ ಮರಿಗಳು ಮಾತ್ರ ಹಬ್ಬಿಕೊಂಡು ಅದೇ ಜಾಗದಲ್ಲಿ ನಿಂತಿದ್ದವು. ಅವುಗಳ ಮೇಲೆ ಈಗಿನ ಹುಡುಗರ ಹೆಸರು. ಅಡ್ಡಾದಿಡ್ಡಿ ಅಕ್ಷರ, ಒಂದು ಬಾಣ ಚುಚ್ಚಿದ ಹೃದಯ, ಒಂದು ಫೋನ್ ನಂಬರು. ನಮ್ಮ ಕಾಲದಲ್ಲೂ ಇದೇ. ಎಲೆಯ ತುದಿಯ ಮುಳ್ಳನ್ನೇ ಮುರಿದು ಅದೇ ಎಲೆಯ ಮೇಲೆ ಗೀಚುವುದು. ಗೀಚಿದಾಗ ನೀರು ನೀರಾಗಿ ಕಾಣುವ ಗೆರೆ ಎರಡು ದಿನಕ್ಕೆ ಕಂದಾಗಿ ಗಟ್ಟಿಯಾಗುತ್ತದೆ. ನಾಲ್ಕನೇ ಕ್ಲಾಸಿನಲ್ಲಿ ಇನಿಷಿಯಲ್ ಸಮೇತ ಬರೆದದ್ದನ್ನು ನಾನು ಮಿಡ್ಲ್ ಸ್ಕೂಲ್ ಮುಗಿಸಿದಾಗಲೂ ಓದಬಹುದಿತ್ತು. ಬೇರೆ ಮರಗಿಡಗಳ ಹಾಗೆ ವರ್ಷಕ್ಕೊಮ್ಮೆ ಎಲೆ ಉದುರಿಸಿ ಹೊಸದು ಉಟ್ಟುಕೊಳ್ಳುವ ಜಾತಿಯಲ್ಲ ಇದು. ಒಂದು ಎಲೆ ವರ್ಷಗಟ್ಟಲೆ ಇರುತ್ತದೆ, ಅದಕ್ಕೆ ಆದದ್ದೆಲ್ಲ ಅದರ ಮೇಲೇ ಇರುತ್ತದೆ. ಕತ್ತಾಳೆ ಎಲೆಯ ಮೇಲೆ ಬರೆದದ್ದು ಅಳಿಯುವುದಿಲ್ಲವೆಂದು ಒಂಬತ್ತನೇ ವಯಸ್ಸಿಗೇ ಗೊತ್ತಿದ್ದವನು ಅರವತ್ತೊಂದರಲ್ಲಿ ಅದನ್ನು ತೆಂಗಿನ ನಾರಿನಲ್ಲಿ ಉಜ್ಜಿದ್ದೆ.

ಆದರೂ ನಾನು ಒರೆಸಿದ್ದು ಏನನ್ನು ಎಂಬುದು ತಲೆಗೆ ಹೋದದ್ದು ಅಲ್ಲಿ ಅಲ್ಲ, ಆಯುಧಪೂಜೆಯ ಹಿಂದಿನ ದಿನ ಸಂತೆಯಲ್ಲಿ. ಸ್ಕೂಟರಿನ ಮುಂದೆ ಒಡೆಯಲು ಬೂದುಗುಂಬಳ ಬೇಕಿತ್ತು, ಹುಳಿಗೆ ಇನ್ನೊಂದು. ರಾಶಿಯಲ್ಲಿ ಕೈಯಾಡಿಸಿ, ಬೆಳ್ಳಗೆ ಬೂದಿ ಕಟ್ಟಿದ್ದನ್ನೇ ಆರಿಸಿದೆ. ಬೂದಿ ಕಟ್ಟಿದ ಕಾಯಿ ಬಲಿತದ್ದು, ತಿಂಗಳುಗಟ್ಟಲೆ ಕೆಡುವುದಿಲ್ಲ. ಇದು ನಮ್ಮಮ್ಮ ಕಲಿಸಿದ್ದು. ಮಾರುವವಳು ತೂಗಿ ಕೊಡುವಾಗ ನಾನು ಅಭ್ಯಾಸಬಲದಿಂದ ಪಂಚೆಯ ಚುಂಗಿನಲ್ಲಿ ಕಾಯಿಯ ಮೇಲೆ ಒಂದು ಸಲ ಒರೆಸಿದೆ. ಬಟ್ಟೆ ಹೋದಲ್ಲಿ ಬೂದಿ ಹೋಗಿ ಕಡುಹಸಿರು ಹೊಳೆಯಿತು. ಚುಂಗಿನ ಮೇಲೆ ಬೆಳ್ಳಗೆ, ನುಣ್ಣಗೆ, ಬೆರಳಿಗೆ ಜಿಡ್ಡು ಜಿಡ್ಡಾಗಿ ಹತ್ತುವ ಅದೇ ಪುಡಿ.

“ಒರಸ್ಬ್ಯಾಡಿ ಸಾಮಿ, ಕಾಯಿ ಕೆಡ್ತದೆ” ಅಂದಳು ಮಾರುವವಳು.

ಅದು ಮೇಣ. ಕುಂಬಳದ ಮೇಲಿರುವುದೂ, ದ್ರಾಕ್ಷಿಯ ಮೇಲಿರುವುದೂ, ಕೆಸುವಿನ ಎಲೆಯ ಮೇಲೆ ನೀರು ಪಾದರಸದಂತೆ ಓಡಾಡಲು ಕಾರಣವಾದದ್ದೂ ಮೇಣವೇ. ಕತ್ತಾಳೆಯ ಬೂದುನೀಲಿ ಅಂದರೆ ಹಸಿರು ಎಲೆ ಹೊದ್ದ ಮೇಣದ ಹೊದಿಕೆ. ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದು ಅದು, ಸುಡುಬಿಸಿಲನ್ನು ವಾಪಸು ಎರಚುವುದೂ ಅದೇ. ಮಳೆಹನಿ ಬಿದ್ದಾಗ ಉರುಳಿ ಹೋಗುತ್ತಾ ಧೂಳನ್ನೂ ಜೊತೆಗೆ ಹೊತ್ತೊಯ್ಯುವುದು ಈ ಹೊದಿಕೆ ಇದ್ದರೆ. ಅಂದರೆ ಗಿಡವನ್ನು ಚೊಕ್ಕಟ ಇಟ್ಟಿದ್ದುದನ್ನೇ ನಾನು ಕೊಳೆ ಎಂದು ತೆಗೆದಿದ್ದೆ. ಒರೆಸಿದ ಮೇಲೆ ಧೂಳು ಮೊದಲಿಗಿಂತ ಗಟ್ಟಿಯಾಗಿ ಕೂರುತ್ತಿದ್ದುದು ಅದಕ್ಕೇ, ಅದಕ್ಕೇ ನಾನು ಇನ್ನಷ್ಟು ಒರೆಸುತ್ತಿದ್ದುದು. ಬಲಿತ ಎಲೆಗೆ ಒಮ್ಮೆ ಹೋದ ಮೇಣ ಮೊದಲಿನ ಹಾಗೆ ಮತ್ತೆ ಕಟ್ಟುವುದಿಲ್ಲ. ಇನ್ನು ಎಣ್ಣೆಯ ವಿಚಾರ. ಕತ್ತಾಳೆ ಹಗಲಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು, ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಹುಳಿಯ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮರುದಿನ ಬಿಸಿಲು ಬಂದಾಗ ಬಾಗಿಲು ತೆರೆಯದೆಯೇ ಅದರಿಂದ ಅಡುಗೆ. ನೀರು ಉಳಿಸಲು ಇಷ್ಟೆಲ್ಲ ಏರ್ಪಾಡು ಮಾಡಿಕೊಂಡ ಗಿಡದ ಬಾಗಿಲಿಗೆ ನಾನು ಕೊಬ್ಬರಿ ಎಣ್ಣೆ ಮೆತ್ತಿದ್ದೆ.

ಎಲೆಯ ಬೆನ್ನಿನ ಗರಗಸದ ಗೆರೆಯ ಗುಟ್ಟನ್ನು ಹೇಳಿದ್ದು ಹಳೆಯ ಸಹೋದ್ಯೋಗಿಯೊಬ್ಬರ ಮಗ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವನು. ಎಲೆಗಳು ಬಿಚ್ಚುವ ಮೊದಲು ನಡುವಿನ ಸುಳಿಯಲ್ಲಿ ಒಂದರ ಮೇಲೊಂದು ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಆಗ ಪಕ್ಕದ ಎಲೆಯ ಮುಳ್ಳಂಚು ಈ ಎಲೆಯ ಎಳೆಯ ಮೈಮೇಲೆ ಒತ್ತಿ ಅಚ್ಚು ಬೀಳುತ್ತದೆ. ಎಲೆ ಬಿಚ್ಚಿ ಬೇರೆಯಾದರೂ ಅಚ್ಚು ಹೋಗುವುದಿಲ್ಲ. ಗಿಡ ಸಾಕುವವರು ಆ ಅಚ್ಚನ್ನೇ ಮೆಚ್ಚಿ ಕೊಳ್ಳುತ್ತಾರಂತೆ. “ಅದು ಕಲೆಯಲ್ಲ ಸಾರ್, ಹುಟ್ಟುಗುರುತು” ಅಂದ ಅವನು.

ಆ ಒಂದು ಪದಕ್ಕೆ ನಾನು ಅಲ್ಲೇ ಕೂತುಬಿಟ್ಟೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಐದನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಎಡಗಿವಿಯ ಹಿಂದೆ, ಕತ್ತಿನವರೆಗೆ ಇಳಿದ ಕಪ್ಪು. ಎರಡು ಸೋಮವಾರ ಸಾಲಿನಿಂದ ಹೊರಗೆ ಕರೆದು, ಸೋಪು ಕೊಟ್ಟು ನಲ್ಲಿಯ ಹತ್ತಿರ ಕಳಿಸಿದೆ. ಎರಡನೇ ಸಲ ನಾನೇ ನಿಂತು ತಿಕ್ಕಿಸಿದೆ. ಚರ್ಮ ಕೆಂಪಾಯಿತು, ಕಪ್ಪು ಹೋಗಲಿಲ್ಲ. ಮೂರನೇ ಸೋಮವಾರ ಅವನ ತಾಯಿ ಕೂಲಿಗೆ ಹೋಗುವ ದಾರಿಯಲ್ಲಿ ಗೇಟಿನ ಹತ್ತಿರ ಬಂದು, ಒಳಗೂ ಬರದೆ, “ಸಾ, ಅದು ಹುಟ್ಟುಮಚ್ಚೆ, ತೊಳುದ್ರೆ ಹೋಗಾಕಿಲ್ಲ” ಎಂದಳು. ನಾನು “ಸರಿ ಸರಿ” ಅಂದೆ. ಅಷ್ಟೇ ಅಂದದ್ದು. ಆ ವರ್ಷ ಪೂರ್ತಿ ಅವನು ಸಾಲಿನಲ್ಲಿ ನಿಲ್ಲುವಾಗ ಎಡಗೈಯನ್ನು ಕಿವಿಯ ಮೇಲಿಟ್ಟುಕೊಂಡೇ ನಿಲ್ಲುತ್ತಿದ್ದ. ಈಗ ಅವನೆಲ್ಲಿದ್ದಾನೋ ನನಗೆ ತಿಳಿಯದು.

ದೀಪಾವಳಿಗೆ ಮಗಳು ಬಂದಳು. ಚೀಲ ಇಡುವ ಮೊದಲೇ ಕಟ್ಟೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. ಸುಟ್ಟದ್ದನ್ನು ನೋಡಿದಳು, ಖಾಲಿ ಕುಂಡ ನೋಡಿದಳು, ಕೊನೆಗೆ ಪ್ಯಾರಿಯ ಕಡೆ ತಿರುಗಿದಳು. ಕಡುಹಸಿರು ಎಲೆಗಳ ಮೇಲೆ ನನ್ನ ಹೆಬ್ಬೆಟ್ಟಿನ ಗೀಟು, ನಾರಿನ ಗೀಟು, ಸುಣ್ಣದ ಉಂಗುರ, ಎಲ್ಲ ಕಾಣುತ್ತಿತ್ತು. “ಅಪ್ಪ, ಒರೆಸಿದೆಯಾ?” ಅಂದಳು. ಹೂಂ ಅಂದೆ. ಬೈದಿದ್ದರೆ ಚೆನ್ನಾಗಿತ್ತು. “ಕಾಫಿ ಕುಡಿಯೋಣ ಬಾ” ಎಂದು ಎದ್ದಳು.

ಆ ರಾತ್ರಿ ಅವಳು ತೋರಿಸಿಕೊಟ್ಟದ್ದನ್ನೇ ಈಗ ಮಾಡುತ್ತಿದ್ದೇನೆ. ಧೂಳಿಗೆ ಗೋಡೆಗೆ ಬಣ್ಣ ಹೊಡೆಯುವ ಸಣ್ಣ ಬ್ರಷ್, ಹೊಸದು, ಮೆತ್ತನೆಯ ಕೂದಲಿನದ್ದು, ಒಣಗಿದ್ದು. ಬುಡದಿಂದ ತುದಿಗೆ ಗಾಳಿ ಬೀಸಿದ ಹಾಗೆ ಸವರಿದರೆ ಸಾಕು, ಒತ್ತುವಂತಿಲ್ಲ. ಎಲೆಗಳ ಸಂದಿಗೆ ಉದುರಿದ ಮಾವಿನ ಹೂವು, ಕಸ ಎತ್ತಲು ಉದ್ದದ ಚಿಮಟ. ಕುಂಡ ಜರುಗಿಸುವುದಿದ್ದರೆ ಅಂಚು ಹಿಡಿದು ಎತ್ತುವುದು, ಎಲೆ ಮುಟ್ಟುವುದಿಲ್ಲ. ಬೆರಳಚ್ಚು ಕೂಡ ಮೇಣದ ಮೇಲೆ ಉಳಿಯುತ್ತದೆ. ಧೂಳು ತೀರಾ ಹೆಚ್ಚಾದರೆ ತಾರಸಿಯಿಂದ ಹಿಡಿದಿಟ್ಟ ಮಳೆನೀರನ್ನು ಬೆಳಗಿನ ಹೊತ್ತು ಸಣ್ಣಗೆ ಚಿಮುಕಿಸಿ, ಕುಂಡ ಓರೆ ಮಾಡಿ ನಡುವೆ ನಿಂತದ್ದನ್ನು ಚೆಲ್ಲುವುದು. ಬೋರ್‌ವೆಲ್ ನೀರು ಮಣ್ಣಿಗೆ ಮಾತ್ರ.

ಸುಟ್ಟ ಎಲೆಯನ್ನು ಕತ್ತರಿಸಿಲ್ಲ. ಅದರ ಉಳಿದ ಅರ್ಧ ಹಸಿರು ಇನ್ನೂ ಗಿಡಕ್ಕೆ ದುಡಿಯುತ್ತಿದೆ. ಕೆಳಗಿನ ಎಲೆ ತಾನಾಗಿ ಪೂರ್ತಿ ಒಣಗಿ ಕಾಗದದಂತಾದ ಮೇಲೆ ಕೆಳಕ್ಕೆ ಎಳೆದರೆ ರಸವಿಲ್ಲದೆ ಬರುತ್ತದೆ, ಅಲ್ಲಿಯವರೆಗೆ ಕಾಯಬೇಕು. ಹಸಿ ಎಲೆ ತೆಗೆಯಲೇಬೇಕಾದರೆ ಉದ್ದ ತೋಳಿನ ಅಂಗಿ, ಗ್ಲೌಸ್, ಕಣ್ಣಿಗೆ ಕನ್ನಡಕ. ಕಳೆದ ವರ್ಷ ಸುಟ್ಟಗಾಯದ ಗಿಡದ ಎಲೆಬುಡದಲ್ಲಿ ಹಿಟ್ಟು ತಿಗಣೆ ಕಂಡಿತು. ಅದೂ ಬೆಳ್ಳಗೇ ಇರುತ್ತದೆ, ಆದರೆ ಹತ್ತಿಯ ಉಂಡೆಯಂತೆ ಗುಂಪಾಗಿ, ಸಂದಿಯಲ್ಲಿ. ಮೇಣ ಎಲೆಯುದ್ದಕ್ಕೂ ಒಂದೇ ಸಮ ಇರುತ್ತದೆ. ಈ ವ್ಯತ್ಯಾಸ ಕಲಿಯಲು ನನಗೆ ಒಂದೂವರೆ ವರ್ಷ ಬೇಕಾಯಿತು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಹುಳುವಿನ ಮೇಲೆ ಮಾತ್ರ ಇಟ್ಟೆ. ಅಲ್ಲಿನ ಮೇಣ ಒಂದಿಷ್ಟು ಹೋಯಿತು. ಬೇರೆ ದಾರಿ ಇರಲಿಲ್ಲ.

ಇನ್ನು ಮುಳ್ಳು. ಅಕ್ಕಪಕ್ಕದ ಮನೆಯ ಚಿಕ್ಕ ಮಕ್ಕಳು ಕಟ್ಟೆಯ ಹತ್ತಿರ ಆಡುತ್ತವೆ. ಪ್ಯಾರಿಯ ಎಲೆತುದಿಯ ಮುಳ್ಳು ಕಣ್ಣಿನ ಎತ್ತರಕ್ಕೇ ಬರುತ್ತದೆ. ಅದರ ಕೊನೆಯ ತುದಿ ಒಣಗಿ ಗಟ್ಟಿಯಾದ ನಿರ್ಜೀವ ಭಾಗ, ಹಸಿರಿಗೆ ತಾಗದಂತೆ ಅಷ್ಟನ್ನೇ ಕತ್ತರಿಸಿದರೆ ಗಿಡಕ್ಕೆ ನೋವಿಲ್ಲ, ರಸವೂ ಬರುವುದಿಲ್ಲ. ಅದಕ್ಕೆ ತೋಟದ ಕತ್ತರಿ ದೊಡ್ಡದಾಯಿತು. ಮೇಜಿನ ಡ್ರಾಯರಿನಲ್ಲಿ ಶಾಲೆಯ ಕಾಲದಿಂದಲೂ ಇದ್ದ ನೇಲ್ ಕಟರ್ ಸರಿಹೋಯಿತು. ತಿಂಗಳಿಗೊಮ್ಮೆ, ಸೋಮವಾರವೇ, ಕನ್ನಡಕ ಹಾಕಿಕೊಂಡು ಕೂರುತ್ತೇನೆ. ಹೆಂಡತಿ ನೋಡಿ ಏನೂ ಅನ್ನುವುದಿಲ್ಲ, ಅನ್ನದೆ ಇರುವುದಕ್ಕೆ ಅವಳು ಪಡುವ ಕಷ್ಟ ಮುಖದಲ್ಲಿ ಕಾಣುತ್ತದೆ.

ಹಳದಿ ಅಂಚಿನ ಕುಂಡವನ್ನು ಖಾಲಿ ಎಂದು ಮೂಲೆಗಿಟ್ಟಿದ್ದೆ. ಅದರ ಮಣ್ಣಿನಲ್ಲಿ ಎರಡು ಮರಿ ಎದ್ದಿವೆ, ಒಂದಕ್ಕೆ ಜರಿ ಅಂಚು ಬಂದಿದೆ, ಇನ್ನೊಂದು ಅಪ್ಪಟ ಹಸಿರು. ಪ್ಯಾರಿಯ ಸುಳಿಯಿಂದ ಹೊಸ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು, ಬೂದುನೀಲಿ, ಬೆನ್ನಿನ ಮೇಲೆ ಹಲ್ಲಿನ ಅಚ್ಚು. ಹಳೆಯವುಗಳಲ್ಲಿ ಮೂರು ತಾವಾಗಿ ಒಣಗಿ ಉದುರಿವೆ. ಇವತ್ತು ಬೆಳಿಗ್ಗೆ ಎಣಿಸಿದೆ. ಒಟ್ಟು ಇಪ್ಪತ್ತು ಎಲೆ. ನಾನು ಒರೆಸಿದವು ಹದಿಮೂರು, ಒರೆಸದವು ಏಳು.